ಹನ್ನೆರಡನೆಯ ನಾಯಕಿ

ಸೀವುಡ್ಸ್
12 ಜೂನ್ 2025

ಶ್ರೀಮತಿ ವಾರಿಜಾ ಅವರಿಗೆ ವಂದನೆಗಳು.

ನನ್ನ ಹೆಸರು ಶ್ರೀಪ್ರಿಯಾ. ನೇರೂಳಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳ ಚಿತ್ರಪುಸ್ತಕಗಳನ್ನೂ ಮಾಡುತ್ತೇನೆ. ಥಾಣೆಯ ನಮ್ಮ ಪ್ರಕಾಶಕರು ರಾಜಕೀಯದಲ್ಲಿ ದುಡಿದ ಹೆಂಗಸರ ಬಗ್ಗೆ ಏಳೆಂಟು ವರ್ಷದ ಮಕ್ಕಳಿಗಾಗಿ ಹನ್ನೆರಡು ಪುಸ್ತಕಗಳ ಮಾಲೆ ತರುತ್ತಿದ್ದಾರೆ. ಒಂದೊಂದೂ ಇಪ್ಪತ್ತನಾಲ್ಕು ಪುಟ. ಪುಟಕ್ಕೆ ಮೂರು ಸಾಲು, ಉಳಿದದ್ದೆಲ್ಲ ಚಿತ್ರ.

ಹನ್ನೊಂದು ಮುಗಿದಿವೆ. ಅವರಲ್ಲಿ ಮಂತ್ರಿಗಳಾದವರಿದ್ದಾರೆ, ಸಂಸತ್ತಿಗೆ ಹೋದವರಿದ್ದಾರೆ. ಹನ್ನೆರಡನೆಯದು ಇಲ್ಲೇ ನಮ್ಮ ನಡುವೆ ಇರುವ ಕನ್ನಡದ ಹೆಂಗಸಿನದಾಗಲಿ ಎಂದು ಪ್ರಕಾಶಕರ ಆಸೆ. ಉಡುಪಿಯಿಂದ ಮದುವೆಯಾಗಿ ಬಂದು ಇಲ್ಲಿ ನಗರಸೇವಕಿಯಾಗಿ ಪಾಲಿಕೆಗೆ ಆರಿಸಿಬಂದ ನಿಮ್ಮ ಹೆಸರನ್ನು ಯಾರೋ ಹೇಳಿದರು.

ನಿಮ್ಮ ಹೋಟೆಲಿಗೆ ಫೋನ್ ಮಾಡಿದಾಗ ನಿಮ್ಮ ಮಗ ಕೀರ್ತನ್ ಸಿಕ್ಕಿದರು. ‘ಅಮ್ಮನಿಗೆ ಕಿವಿ ಪೂರಾ ಹೋಗಿದೆ ಮೇಡಂ, ಫೋನ್ ಉಪಯೋಗ ಇಲ್ಲ. ಕಾಗದ ಬರೀರಿ, ಉತ್ತರ ಬರ್ತದೆ’ ಎಂದರು. ಅದಕ್ಕೇ ಈ ಕಾಗದ.

ನಿಮ್ಮ ಐದು ವರ್ಷಗಳಲ್ಲಿ ನಿಮಗೆ ನಿಮ್ಮದೇ ಎನಿಸುವ ಒಂದು ಕೆಲಸ ಯಾವುದು? ಅಷ್ಟು ತಿಳಿಸಿದರೆ ಸಾಕು. ಪುಸ್ತಕ ಅಲ್ಲಿಂದ ಹುಟ್ಟುತ್ತದೆ.

ಇತಿ,
ಶ್ರೀಪ್ರಿಯಾ


ಠಾಕುರ್ಲಿ
25 ಜೂನ್ 2025

ಶ್ರೀಪ್ರಿಯಾ ಅವರಿಗೆ,

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಬೇಡ ಎಂದು ಬರೆಯಲು ಎರಡು ಸಲ ಕುಳಿತೆ. ಕೀರ್ತನ್‌ಗೆ ಖುಷಿಯಾಗಿದೆ, ಬಿಡುತ್ತಿಲ್ಲ.

ನಾನು ನಾಯಕಿ ಅಲ್ಲ. 2005ರಲ್ಲಿ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಅಲ್ಲಿ ನಿಲ್ಲಬೇಕೆಂದು ಹತ್ತು ವರ್ಷ ಓಡಾಡಿದವರು ನನ್ನ ಯಜಮಾನರು ಗುಣಪಾಲರು. ಅವರು ನಿಲ್ಲುವ ಹಾಗಿರಲಿಲ್ಲ, ನಾನು ನಿಂತೆ. ಪೋಸ್ಟರಿನಲ್ಲಿ ಅವರ ಮುಖ ನನ್ನ ಮುಖಕ್ಕಿಂತ ದೊಡ್ಡದಿತ್ತು. ಐದು ವರ್ಷ ಸಭಾಗೃಹದಲ್ಲಿ ನಾನು ಒಂದು ಮಾತೂ ಆಡಿಲ್ಲ. ಸೋಮವಾರ ಬೆಳಿಗ್ಗೆ ಖಾಲಿ ಲೆಟರ್‌ಹೆಡ್ಡಿನ ಐವತ್ತು ಹಾಳೆಗಳಿಗೆ ಸಹಿ ಹಾಕಿ ಕೊಡುತ್ತಿದ್ದೆ. ಮೇಲೆ ಏನು ಬರೆಯಬೇಕೆನ್ನುವುದು ಅವರಿಗೆ ಬಿಟ್ಟದ್ದು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು.

ನನ್ನದೇ ಎನ್ನುವ ಕೆಲಸ ಒಂದಿದೆ. 2008ರ ಮೇ ತಿಂಗಳು. ಯಜಮಾನರು ಊರಿಗೆ ಹೋಗಿದ್ದರು. ಹಳಿಯ ಪಕ್ಕದ ಗಿರಿಜಾ ಸದನ ಎಂಬ ಕಟ್ಟಡದಿಂದ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಖಾಲಿ ಕೊಡ, ಜೊತೆಗೆ ಆರು ವರ್ಷದ ಹುಡುಗಿ. ಗಂಡ ಬಾಲಪ್ಪ ಗೌಂಡಿ ಕೆಲಸದವನು, ಆ ಕಟ್ಟಡದ ಸೆಕ್ರೆಟರಿ. ಅಲ್ಲಿ ಹದಿನಾರು ಮನೆ, ಒಂದಕ್ಕೂ ನಲ್ಲಿ ಇಲ್ಲ. ಹಳಿ ದಾಟಿ ನೀರು ತರುತ್ತಿದ್ದರು. ಎರಡು ವಾರದ ಹಿಂದೆ ಒಬ್ಬಳು ಮುದುಕಿ ಕೊಡದ ಜೊತೆ ರೈಲುಗಾಡಿಗೆ ಸಿಕ್ಕಿದ್ದಳಂತೆ.

ನಾನು ಅವಳ ಗಂಡನನ್ನು ಕರೆಸಿದೆ. ಅಡುಗೆಮನೆಯ ಮೇಜಿನ ಮುಂದೆ ಕುಳಿತು ನನ್ನ ಕೈಯಾರೆ ಶಿಫಾರಸು ಪತ್ರ ಬರೆದೆ, ಸಹಿ ಹಾಕಿದೆ, ಅವನ ಕೈಗೆ ಕೊಟ್ಟೆ. ಹನ್ನೆರಡು ದಿನಕ್ಕೆ ನೀರು ಬಂತು. ಆ ಹೆಂಗಸು ಸ್ಟೀಲಿನ ಲೋಟದಲ್ಲಿ ಅದೇ ನೀರನ್ನು ಮುಚ್ಚಿ ತಂದಳು. ಔಷಧಿ ವಾಸನೆ ಹೊಡೆಯುತ್ತಿತ್ತು. ಕುಡಿದೆ.

ಇದು ಇಪ್ಪತ್ತನಾಲ್ಕು ಪುಟಕ್ಕೆ ಸಾಲದು ಎಂದು ನನಗೆ ಗೊತ್ತು.

ವಾರಿಜಾ


ಸೀವುಡ್ಸ್
10 ಜುಲೈ 2025

ವಾರಿಜಕ್ಕನಿಗೆ ನಮಸ್ಕಾರ. ಹೀಗೆ ಕರೆಯಬಹುದಲ್ಲ?

ಸಾಲದೆ ಏನು! ಕಾಗದ ಬಂದ ದಿನವೇ ಬಿಡಿಸಲು ಕುಳಿತೆ. ಹನ್ನೊಂದು ಪುಸ್ತಕ ಮಾಡಿ ಕೈ ಮರಗಟ್ಟಿತ್ತು. ನಿಜ ಹೇಳಬೇಕೆಂದರೆ ಅವೆಲ್ಲ ಒಂದೇ ಥರ ಇವೆ. ನಾಲ್ಕನೇ ಪುಟದಲ್ಲಿ ಹುಡುಗಿ ಓದಬೇಕೆಂದು ಅಳುತ್ತಾಳೆ, ಹದಿನೈದನೇ ಪುಟದಲ್ಲಿ ಹೆಂಗಸು ಮೈಕಿನ ಮುಂದೆ ಕೈ ಎತ್ತುತ್ತಾಳೆ, ಕೊನೆಯ ಪುಟದಲ್ಲಿ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸೀರೆಯ ಬಣ್ಣ ಮಾತ್ರ ಬೇರೆ. ನಿಮ್ಮ ಲೋಟದ ನೀರು ಓದಿ ತುಂಬ ದಿನಗಳ ಮೇಲೆ ಬ್ರಷ್ ಹಿಡಿಯಬೇಕೆನಿಸಿತು.

ಹದಿನಾರು ಪುಟಗಳ ಕರಡು ಪ್ರತಿ ಇದರ ಜೊತೆಗಿದೆ. ಹದಿನೈದನೆಯ ಪುಟದಲ್ಲಿ ನಿಮ್ಮನ್ನೂ ಸಭಾಗೃಹದಲ್ಲಿ ಮೈಕಿನ ಮುಂದೆ ನಿಲ್ಲಿಸಿದ್ದೇನೆ. ಪ್ರಕಾಶಕರ ಒತ್ತಾಯ. ನೀವು ಸಂಕೋಚಕ್ಕೆ ಮಾತಾಡಿಲ್ಲ ಎಂದಿರಬಹುದು ಎಂದುಕೊಂಡೆ.

ನನ್ನ ಮಗಳು ನಿಶ್ಮಿತಾಗೆ ಎಂಟು ವರ್ಷ. ನಾನು ಕನ್ನಡದಲ್ಲಿ ಓದಿ ಹೇಳುತ್ತೇನೆ, ಅವಳು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾಳೆ. ನಲ್ಲಿಯ ಚಿತ್ರ ನೋಡಿ, ‘ಅಭೀ ವೋ ಲೋಗ್ ಕಿಧರ್ ರೆಹತೇ ಹೈ?’ ಎಂದಳು. ಈಗ ಎಲ್ಲಿದ್ದಾರೆ ಅವರು? ಒಂದು ಭಾನುವಾರ ಬಂದು ಗಿರಿಜಾ ಸದನ ನೋಡಿಕೊಂಡು ಹೋಗಲೇ? ಕಿಟಕಿ, ಮೆಟ್ಟಿಲು, ನಲ್ಲಿ ಇರುವ ಜಾಗ ಸರಿಯಾಗಿ ಬಿಡಿಸಬೇಕು.

ನಿಮ್ಮ,
ಶ್ರೀಪ್ರಿಯಾ


ಠಾಕುರ್ಲಿ
22 ಜುಲೈ 2025

ಶ್ರೀಪ್ರಿಯಾ,

ಚಿತ್ರಗಳು ಚೆನ್ನಾಗಿವೆ. ನಾನು ಅಷ್ಟು ತೆಳ್ಳಗಿರಲಿಲ್ಲ.

ಹದಿನೈದನೆಯ ಪುಟ ತೆಗೆಯಿರಿ. ಸಂಕೋಚಕ್ಕೆ ಹೇಳಿದ ಮಾತಲ್ಲ ಅದು. ನಾನು ಕುಳಿತೇ ಇದ್ದೆ.

ಗಿರಿಜಾ ಸದನ ಈಗ ಇಲ್ಲ. ಬರುವ ತೊಂದರೆ ತೆಗೆದುಕೊಳ್ಳಬೇಡಿ, ಮಳೆಗೆ ಗಾಡಿಗಳೂ ಸರಿಯಿಲ್ಲ. ಕಿಟಕಿಗಳು ನಿಮಗೆ ಹೇಗೆ ಬೇಕೋ ಹಾಗಿರಲಿ.

ಕೀರ್ತನ್‌ಗೆ ಜನವರಿಯೊಳಗೆ ಮುನ್ನೂರು ಪ್ರತಿ ಬೇಕಂತೆ. ಆಗ ಪಾಲಿಕೆಯ ಚುನಾವಣೆ ಬರಬಹುದು ಎನ್ನುತ್ತಿದ್ದಾರೆ. ವಾರ್ಡು ಮತ್ತೆ ಹೆಂಗಸರಿಗೆ ಬಂದರೆ ಸೊಸೆ ಅಶ್ಮಿತಾಳನ್ನು ನಿಲ್ಲಿಸುವುದು ಅವನ ಯೋಚನೆ. ಈ ಮನೆಯಲ್ಲಿ ಯಾವುದೂ ಹೊಸದಾಗಿ ನಡೆಯುವುದಿಲ್ಲ.

ವಾರಿಜಾ


ಸೀವುಡ್ಸ್
20 ಆಗಸ್ಟ್ 2025

ವಾರಿಜಕ್ಕ,

ನೀವು ಬೇಡವೆಂದರೂ ನಾನು ಹೋದೆ. ನಿಶ್ಮಿತಾಳ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹದಿನಾರನೆಯ ಪುಟದ ಮುಂದೆ ಏನು ಬಿಡಿಸಬೇಕೆಂದು ತಿಳಿಯದೆ ಕುಳಿತಿದ್ದೆ.

ನೇರೂಳಿನಲ್ಲಿ ಗಾಡಿ ಬದಲಿಸಿ, ಥಾಣೆಯಲ್ಲಿ ಬದಲಿಸಿ, ಠಾಕುರ್ಲಿಯಲ್ಲಿ ಇಳಿದು ಕೇಳಿದರೆ ಹಾಲಿನ ಅಂಗಡಿಯವನು ಹೇಳಿದ: 2011ರ ಮಳೆಗಾಲದಲ್ಲಿ ಗಿರಿಜಾ ಸದನದ ಮೆಟ್ಟಿಲಿನ ಸ್ಲ್ಯಾಬ್ ಕುಸಿಯಿತು, ಯಾರೂ ಸಾಯಲಿಲ್ಲ, ಜನರನ್ನು ಖಾಲಿ ಮಾಡಿಸಿ ಕಟ್ಟಡ ಕೆಡವಿದರು, ಅವರೆಲ್ಲ ಕಲ್ಯಾಣದ ಆಚೆ ಟ್ರಾನ್ಸಿಟ್ ಕ್ಯಾಂಪಿನಲ್ಲಿದ್ದಾರೆ. ಅಲ್ಲಿಗೂ ಹೋದೆ.

ನಿಮ್ಮ ಬಾಲಪ್ಪ ಇನ್ನೂ ಅಲ್ಲೇ ಇದ್ದಾರೆ. ಹೆಂಡತಿ ತೀರಿಹೋಗಿದ್ದಾರೆ. ಹತ್ತಕ್ಕೆ ಹನ್ನೆರಡಡಿಯ ಕೋಣೆ. ತಾತ್ಕಾಲಿಕವೆಂದು ಕೊಟ್ಟದ್ದರಲ್ಲಿ ಹದಿನಾಲ್ಕು ವರ್ಷ. ನಿಮ್ಮ ಹೆಸರು ಹೇಳಿ ಪುಸ್ತಕದ ವಿಷಯ ಹೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

‘ಆ ಪತ್ರ ಖೋಟಾ ಅಂತ ಬರದಾರ್ರೀ ಸರಕಾರಿ ಕಾಗದದಾಗ. ನಾನ ಮಾಡೀನಂತ. ಎರಡು ದಿನ ಪೊಲೀಸ್ ಸ್ಟೇಷನ್ನಿನಾಗ ಕುಂದರಿಸಿದ್ರು. ಖೋಟಾ ಪತ್ರದ ಮ್ಯಾಲೆ ನೀರು ತಗೊಂಡೀರಿ ಅಂತ ಹದಿನಾರೂ ಮನ್ಯಾವರ ಹೆಸರು ಬದಲಿ ಮನಿ ಪಟ್ಟ್ಯಾಗಿಂದ ಹೊಡದ್ರು. ನಮ್ಮ ಮುಂದ ಬಂದವರಿಗೆ ಮನಿ ಸಿಕ್ಕು ಹೋದ್ರು, ಹಿಂದ ಬಂದವರೂ ಹೋದ್ರು. ನಾವು ಇಲ್ಲೇ ಅದೀವಿ.’

ಅಕ್ಕಾ, ನನಗೆ ಗೊಂದಲವಾಗಿದೆ. ನಿಮ್ಮ ಪತ್ರ ಒಂದು, ಇವರು ಮಾಡಿದ್ದು ಇನ್ನೊಂದು ಇತ್ತೇ? ಇವರು ನಿಮ್ಮ ಹೆಸರನ್ನು ದುರುಪಯೋಗ ಮಾಡಿಕೊಂಡರೇ? ಹಾಗಿದ್ದರೆ ನಿಮ್ಮ ಮನಸ್ಸಿಗೆ ಎಷ್ಟು ನೋವಾಗಿರಬೇಕು. ಅದಕ್ಕೇ ಬರಬೇಡಿ ಎಂದಿರೇನೋ. ಸ್ವಲ್ಪ ತಿಳಿಸಿ.

ಶ್ರೀಪ್ರಿಯಾ


ಸೀವುಡ್ಸ್
24 ಸೆಪ್ಟೆಂಬರ್ 2025

ವಾರಿಜಕ್ಕ,

ಒಂದು ತಿಂಗಳಾಯಿತು, ನಿಮ್ಮಿಂದ ಸುದ್ದಿ ಇಲ್ಲ. ಹೋಟೆಲಿಗೆ ಫೋನ್ ಮಾಡಿದರೆ ಕೀರ್ತನ್ ‘ಅಮ್ಮ ಆರಾಮ ಇದ್ದಾರೆ, ಕಾಗದ ಕೊಟ್ಟಿದ್ದೇನೆ’ ಎಂದರು. ಪ್ರಕಾಶಕರು ನವೆಂಬರಿನಲ್ಲಿ ಅಚ್ಚಿಗೆ ಕೊಡಬೇಕೆನ್ನುತ್ತಾರೆ. ನನ್ನ ಪ್ರಶ್ನೆಯಿಂದ ಬೇಸರವಾಗಿದ್ದರೆ ಕ್ಷಮಿಸಿ. ನೀರು ಬಂದಲ್ಲಿಗೇ ಪುಸ್ತಕ ಮುಗಿಸಿಬಿಡಬಹುದು. ಮಕ್ಕಳಿಗೆ ಅಷ್ಟು ಸಾಕು ಎನ್ನುತ್ತಾರೆ ಅವರು.

ಶ್ರೀಪ್ರಿಯಾ


ಠಾಕುರ್ಲಿ
18 ಅಕ್ಟೋಬರ್ 2025

ಶ್ರೀಪ್ರಿಯಾ,

ನಾಡಿದ್ದು ದೀಪಾವಳಿ. ಅಶ್ಮಿತಾ ಮನೆಯೆಲ್ಲ ತೊಳೆಸುತ್ತಿದ್ದಾಳೆ. ನಾನು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಪತ್ರ ಒಂದೇ. ಬಾಲಪ್ಪ ಏನೂ ಮಾಡಿಲ್ಲ.

ಸ್ಲ್ಯಾಬ್ ಬಿದ್ದ ಮೇಲೆ ಪೇಪರಿನಲ್ಲಿ ಬಂತು, ಅನಧಿಕೃತ ಕಟ್ಟಡಕ್ಕೆ ನೀರು ಕೊಡಿಸಿದ ನಗರಸೇವಕಿ ಯಾರು ಎಂದು. ನನ್ನ ಅವಧಿ ಮುಗಿದಿತ್ತು. ಆದರೆ ಯಜಮಾನರಿಗೆ ಮುಂದಿನ ಸಲ ತಾವೇ ನಿಲ್ಲಬೇಕೆಂದಿತ್ತು. ಅವರಿಗೆ ಆ ಪತ್ರದ ವಿಷಯ ಗೊತ್ತೇ ಇರಲಿಲ್ಲ. ಊರಿಂದ ಬಂದ ಮೇಲೆ ನಾನು ಹೇಳಿರಲಿಲ್ಲ. ಹೇಳದೆ ಒಂದು ಕೆಲಸ ಮಾಡಿದೆನೆಂದು ಒಳಗೊಳಗೇ ಸಂತೋಷಪಟ್ಟಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಂದು ಹಾಳೆ ಟೈಪು ಮಾಡಿಸಿ ತಂದು ಮೇಜಿನ ಮೇಲಿಟ್ಟರು. ‘ಈ ಪತ್ರ ನನ್ನದಲ್ಲ, ಸಹಿಯೂ ನನ್ನದಲ್ಲ’ ಎಂದಿತ್ತು. ‘ಇದಕ್ಕೊಂದು ಸಹಿ ಹಾಕು ವಾರಿಜಾ, ಊಟಕ್ಕೆ ಹೊತ್ತಾಯಿತು’ ಎಂದರು. ಐದು ವರ್ಷ ಓದದೆ ಹಾಕಿದ್ದೆ. ಅದನ್ನು ಓದಿದೆ. ಓದಿಯೂ ಹಾಕಿದೆ. ಆಮೇಲೆ ಬಡಿಸಿದೆ.

ಇದು 2012ರ ಫೆಬ್ರುವರಿ. ಅದೇ ವಾರ ಬಾಲಪ್ಪನನ್ನು ಕರೆದುಕೊಂಡು ಹೋದರೆಂದು ಹೋಟೆಲಿಗೆ ಹಾಲು ತರುವವನು ಹೇಳಿದ. ನಾನು ಆ ದಿನ ಹಪ್ಪಳ ಒಣಗಿಸುತ್ತಿದ್ದೆ. ಒಣಗಿಸುವುದನ್ನು ನಿಲ್ಲಿಸಲಿಲ್ಲ.

ಪಟ್ಟಿಯಿಂದ ಹೆಸರು ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಎಲ್ಲೋ ಮನೆ ಸಿಕ್ಕಿರಬಹುದು ಎಂದುಕೊಂಡಿದ್ದೆ. ಕೇಳಲು ಹೋಗಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ.

ಈಗ ನನ್ನದೊಂದು ಬೇಡಿಕೆ. ಪುಸ್ತಕ ಮಾಡುವುದಾದರೆ ಇದನ್ನೂ ಹಾಕಿ. ನೀರು ಕೊಡಿಸಿದ ಪುಟವಿದ್ದರೆ, ನಾನಲ್ಲ ಎಂದ ಪುಟವೂ ಇರಲಿ. ಇಲ್ಲವಾದರೆ ಪುಸ್ತಕವೇ ಬೇಡ. ನಿಮ್ಮ ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು.

ವಾರಿಜಾ


ಸೀವುಡ್ಸ್
5 ನವೆಂಬರ್ 2025

ವಾರಿಜಕ್ಕ,

ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಮೂರನೆಯ ದಿನ ನನ್ನ ಮೇಲೆ ಬಂತು. ಬಾಲಪ್ಪನ ಮುಖ ನೋಡಿ ಬಂದವಳು ನಾನು, ಆದರೂ ಅವರದೇ ತಪ್ಪಿರಬೇಕೆಂದು ನಿಮಗೆ ಬರೆದೆ.

ರಜೆಯಲ್ಲಿ ಕುಳಿತು ಉಳಿದ ಎಂಟು ಪುಟ ಬಿಡಿಸಿದೆ. ಮೇಜು, ಟೈಪು ಮಾಡಿದ ಹಾಳೆ, ಕೈಯಲ್ಲಿ ಪೆನ್ನು, ಹಿಂದೆ ಅನ್ನದ ಪಾತ್ರೆ. ಥಾಣೆಗೆ ಒಯ್ದು ತೋರಿಸಿದೆ. ಪ್ರಕಾಶಕರು ಒಳ್ಳೆಯವರೇ. ಕನ್ನಡಕ ತೆಗೆದಿಟ್ಟು ಎರಡು ಸಲ ನೋಡಿದರು. ‘ಚಿತ್ರ ಹನ್ನೊಂದಕ್ಕಿಂತಲೂ ಚೆನ್ನಾಗಿದೆ ಅಮ್ಮಾ. ಆದರೆ ಇದನ್ನು ಯಾವ ಶಾಲೆ ತಗೊಳ್ತದೆ? ಮಕ್ಕಳಿಗೆ ದಾರಿ ತೋರಿಸಲಿಕ್ಕೆ ಪುಸ್ತಕ ಮಾಡ್ತಿದ್ದೇವೆ’ ಎಂದರು. ಜಗಳ ಆಡುವಷ್ಟು ತ್ರಾಣ ನನಗಿರಲಿಲ್ಲ.

ಆದರೂ ಬಾಲಪ್ಪನವರನ್ನು ಕೇಳದೆ ಹಾಕುವುದು ಸರಿಯಲ್ಲವೆಂದು ಅವರ ಮಗಳನ್ನು ಭೇಟಿಯಾದೆ. ಕೊಡದ ಜೊತೆ ನಿಮ್ಮ ಮನೆಗೆ ಬಂದಿದ್ದ ಹುಡುಗಿ. ಅಪೇಕ್ಷಾ ಎಂದು ಹೆಸರು. ಈಗ ಇಪ್ಪತ್ತಮೂರು ವರ್ಷ, ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ. ಊಟದ ಬಿಡುವಿನಲ್ಲಿ ಗೇಟಿನ ಹೊರಗೆ ನಿಂತು ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಕನ್ನಡ ಅರ್ಥವಾಗುತ್ತದೆ, ಮಾತು ಹಿಂದಿಯಲ್ಲಿ. ‘ಹಮ್‌ಕೋ ಇಸ್‌ಮೇ ಮತ್ ಡಾಲೋ, ಮೇಡಂ’ ಎಂದಳು, ನಮ್ಮನ್ನು ಇದರಲ್ಲಿ ಸೇರಿಸಬೇಡಿ ಎಂದು.

ಸತ್ಯ ಹೊರಗೆ ಬರಲಿ ಎಂದು ವಾರಿಜಕ್ಕನೇ ಬಯಸಿದ್ದಾರೆ ಎಂದೆ. ಅವಳು ನಕ್ಕಳು. ಅದು ಅವರ ಪುಸ್ತಕ, ಅದರಲ್ಲಿ ತಪ್ಪೊಪ್ಪಿಕೊಂಡರೆ ಅವರ ಮನಸ್ಸು ಹಗುರವಾಗುತ್ತದೆ, ಮಕ್ಕಳು ಪುಟ ಮಗುಚುತ್ತಾರೆ, ನನ್ನಪ್ಪ ಕ್ಯಾಂಪಿನಲ್ಲೇ ಇರುತ್ತಾರೆ ಎಂದಳು. ಬೇಕಾದದ್ದು ಚಿತ್ರವಲ್ಲವಂತೆ. ಆ ಹದಿನಾರು ಮನೆಯವರ ಅರ್ಜಿಯ ಮೇಲೆ ಕೋರ್ಟು ಮತ್ತೆ ವಿಚಾರಣೆ ಮಾಡಲು ಹೇಳಿದೆ. ಡಿಸೆಂಬರ್ 9ಕ್ಕೆ ಕಲ್ಯಾಣದಲ್ಲಿ ವಿಚಾರಣಾಧಿಕಾರಿಯ ಮುಂದೆ ಇದೆ. ಪತ್ರ ನನ್ನದು ಎಂದು ನೀವು ಬಂದು ಹೇಳಿದರೆ ಹೆಸರುಗಳು ಪಟ್ಟಿಗೆ ಮರಳಬಹುದು.

ಇದನ್ನು ನಿಮಗೆ ತಲುಪಿಸುವುದಾಗಿ ಅವಳಿಗೆ ಮಾತು ಕೊಟ್ಟಿದ್ದೆ. ತಲುಪಿಸಿದ್ದೇನೆ.

ಶ್ರೀಪ್ರಿಯಾ


ಠಾಕುರ್ಲಿ
21 ನವೆಂಬರ್ 2025

ಶ್ರೀಪ್ರಿಯಾ,

ಆ ಹುಡುಗಿ ಹೇಳಿದ್ದು ಸರಿ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಆದರೆ ಇಲ್ಲಿ ಪರಿಸ್ಥಿತಿ ಬೇರೆಯಾಗಿದೆ. ಮೀಸಲಾತಿಯ ಚೀಟಿ ಎತ್ತಿದರು, ನಮ್ಮ ವಾರ್ಡು ಹೆಂಗಸರಿಗೆ ಬಂತು. ಪಕ್ಷದವರು ಎರಡು ಸಲ ಮನೆಗೆ ಬಂದು ಹೋದರು. ಅಶ್ಮಿತಾಳ ಹೆಸರು ಹೆಚ್ಚುಕಡಿಮೆ ನಿಶ್ಚಯ.

ನಾನು ಕೀರ್ತನ್‌ಗೆ ಹೇಳಿದೆ. ಅವನು ಉತ್ತರವನ್ನು ನನ್ನ ಸ್ಲೇಟಿನ ಮೇಲೆ ಬರೆದ: ‘ಅಪ್ಪ ಸುಳ್ಳುಗಾರ ಅಂತ ಊರಿಗೆಲ್ಲ ಹೇಳ್ತೀಯಾ?’ ಒರೆಸಿ ಮತ್ತೆ ಬರೆದ: ‘ಎರಡು ತಿಂಗಳು ತಡಿ ಅಮ್ಮ. ಎಲೆಕ್ಷನ್ ಮುಗೀಲಿ. ಕೈ ಮುಗೀತೇನೆ.’ ನಿಜವಾಗಿಯೂ ಕೈ ಮುಗಿದ. ನಲವತ್ತು ವರ್ಷದ ಮಗ.

ಅಶ್ಮಿತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಪಾಪ, ಅವಳನ್ನೂ ನನ್ನ ಹಾಗೆಯೇ ಎಳೆದು ನಿಲ್ಲಿಸುತ್ತಿದ್ದಾರೆ ಎಂದುಕೊಂಡೆ.

ಹದಿನಾಲ್ಕು ವರ್ಷ ಕಾದವರಿಗೆ ಎರಡು ತಿಂಗಳು ಹೆಚ್ಚಲ್ಲ. ಚುನಾವಣೆಯಾದ ಮೇಲೆ ಬರೆದುಕೊಡುತ್ತೇನೆಂದು ಆ ಹುಡುಗಿಗೆ ತಿಳಿಸುವಿರಾ?

ವಾರಿಜಾ


ಸೀವುಡ್ಸ್
28 ನವೆಂಬರ್ 2025

ವಾರಿಜಕ್ಕ,

ಇಲ್ಲ, ತಿಳಿಸುವುದಿಲ್ಲ. ಆ ಮಾತನ್ನು ಅವಳ ಎದುರು ನಿಂತು ಹೇಳಲು ನನ್ನಿಂದಾಗದು. ಬೇಕಿದ್ದರೆ ನೀವೇ ಬರೆಯಿರಿ, ವಿಳಾಸ ಕೆಳಗಿದೆ.

ಒಂಬತ್ತನೆಯ ತಾರೀಕಿನ ನಂತರ ಅಧಿಕಾರಿ ವರದಿ ಕಳಿಸುತ್ತಾರಂತೆ. ಆಮೇಲೆ ಹೇಳಿದರೆ ಕೇಳುವವರಿಲ್ಲ.

ನಿಮಗೆ ಬುದ್ಧಿ ಹೇಳುವ ವಯಸ್ಸು ನನ್ನದಲ್ಲ. ನನಗೂ ಸಾಕಾಗಿದೆ. ಕೈ ಎತ್ತಿ ನಿಂತ ಹನ್ನೊಂದು ಹೆಂಗಸರ ಚಿತ್ರ ಗೋಡೆಗೆ ಒರಗಿಸಿಟ್ಟಿದ್ದೇನೆ. ದಿನಾ ಅವರನ್ನು ದಾಟಿಕೊಂಡು ಶಾಲೆಗೆ ಹೋಗುತ್ತೇನೆ.

ಶ್ರೀಪ್ರಿಯಾ


ಠಾಕುರ್ಲಿ
14 ಡಿಸೆಂಬರ್ 2025

ಶ್ರೀಪ್ರಿಯಾ,

ಹೋಗಿ ಬಂದೆ.

ಎಂಟರ ಸಂಜೆಯವರೆಗೂ ಹೋಗುವುದಿಲ್ಲ ಎಂದೇ ಇದ್ದೆ. ಅಪೇಕ್ಷಾಗೆ ಕಾಗದ ಬರೆಯಲು ಕುಳಿತೆ. ‘ಎರಡು ತಿಂಗಳು ತಡೆದುಕೊಳ್ಳಿ’ ಎಂಬುದನ್ನು ಮೂರು ಥರ ಬರೆದೆ. ಮೂರರಲ್ಲೂ ಯಜಮಾನರ ದನಿಯಿತ್ತು. ಊಟಕ್ಕೆ ಹೊತ್ತಾಯಿತು ಎಂದ ಹಾಗೆಯೇ.

ಬೆಳಿಗ್ಗೆ ಕೀರ್ತನ್ ಹೋಟೆಲಿಗೆ ಹೋದ ಮೇಲೆ ಕಲ್ಯಾಣದ ಗಾಡಿ ಹತ್ತಿದೆ. ಕಚೇರಿಯ ಬೆಂಚಿನ ಮೇಲೆ ಬಾಲಪ್ಪ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಅಧಿಕಾರಿ ಕೇಳಿದ್ದು ನನಗೆ ಕೇಳಿಸಲಿಲ್ಲ. ಅಪೇಕ್ಷಾ ಬಂದು ಪಕ್ಕದಲ್ಲಿ ಕುಳಿತಳು. ತನ್ನ ನೋಟ್‌ಬುಕ್ ತೆಗೆದು, ಅವರು ಕೇಳಿದ್ದನ್ನೆಲ್ಲ ಮರಾಠಿಯಲ್ಲಿ ಬರೆದು ನನ್ನ ಮುಂದಿಟ್ಟಳು. ಓದಿ ಉತ್ತರ ಹೇಳಿದೆ. ಪತ್ರ ಯಾರು ಬರೆದದ್ದು? ನಾನು. ಸಹಿ? ನನ್ನದು. 2012ರಲ್ಲಿ ಅಲ್ಲ ಎಂದು ಹೇಳಿಕೆ ಕೊಟ್ಟಿದ್ದೀರಲ್ಲ, ಯಾವುದು ನಿಜ? ಅದು ಸುಳ್ಳು, ಇದು ನಿಜ. ಒತ್ತಡವಿತ್ತೇ? ಇದಕ್ಕೆ ಸ್ವಲ್ಪ ತಡವಾಯಿತು. ಹೌದು ಎಂದರೆ ಎಲ್ಲವೂ ಯಜಮಾನರ ತಲೆಗೆ ಹೋಗುತ್ತಿತ್ತು, ಅವರು ಹೇಗೂ ಇಲ್ಲ. ‘ಅವರು ಹಾಳೆ ತಂದರು, ಓದಿ ಸಹಿ ಹಾಕಿದವಳು ನಾನು’ ಎಂದೆ.

ಮುಗಿಯಿತು ಎಂದುಕೊಂಡಾಗ ಅಪೇಕ್ಷಾ ಇನ್ನೊಂದು ಸಾಲು ಬರೆದಳು. ಅಧಿಕಾರಿ ಆಗ ಮಾತಾಡುತ್ತಿರಲಿಲ್ಲ. ‘ಅಪ್ಪನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದದ್ದು ಅವತ್ತೇ ನಿಮಗೆ ಗೊತ್ತಾಗಿತ್ತೇ?’

ಹೌದು ಎಂದೆ.

ಅವಳು ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ನನ್ನನ್ನು ರಿಕ್ಷಾದವರೆಗೆ ಬಿಟ್ಟಳು. ಅಷ್ಟೇ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ.

ಸುದ್ದಿ ಸಂಜೆಯೊಳಗೆ ಪಕ್ಷದವರಿಗೆ ಮುಟ್ಟಿತು. ಟಿಕೆಟು ಬೇರೆ ಮನೆಗೆ ಹೋಯಿತು. ಕೀರ್ತನ್ ಸ್ಲೇಟನ್ನು ಮುಟ್ಟುತ್ತಿಲ್ಲ.

ನಾನು ಅಶ್ಮಿತಾಳ ಹತ್ತಿರ ಹೋಗಿ, ‘ಹೋಗಲಿ ಬಿಡು ಮಗಾ, ನೀನು ಪಾರಾದೆ’ ಎಂದೆ. ಅವಳು ಸ್ಲೇಟು ಕಿತ್ತುಕೊಂಡು ಬರೆದಳು: ‘ಮಾಮಿ, ನನಗೆ ನಿಲ್ಲಬೇಕೆಂದಿತ್ತು. ನಿಮ್ಮ ಮಗ ನನ್ನನ್ನು ಕೇಳಲಿಲ್ಲ, ನೀವೂ ಕೇಳಲಿಲ್ಲ. ನಾನು ನಿಮ್ಮ ಹಾಗಲ್ಲ. ನನಗೆ ಮಾತಾಡಲು ಬರುತ್ತದೆ.’

ಹತ್ತು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ನನಗೆ ಗೊತ್ತೇ ಇರಲಿಲ್ಲ.

ವಾರಿಜಾ


ಸೀವುಡ್ಸ್
25 ಜನವರಿ 2026

ವಾರಿಜಕ್ಕ,

ನಿಮ್ಮ ಕಾಗದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನವಾಯಿತು.

ನಿನ್ನೆ ಥಾಣೆಯಲ್ಲಿ ಪುಸ್ತಕಗಳ ಬಿಡುಗಡೆಯಾಯಿತು. ಹನ್ನೆರಡನೆಯದು ಬೇರೆ ಯಾರದೋ. ಮೂರು ವಾರದಲ್ಲಿ ಬಿಡಿಸಿ ಕೊಟ್ಟೆ. ಹದಿನೈದನೆಯ ಪುಟದಲ್ಲಿ ಆಕೆ ಕೈ ಎತ್ತಿದ್ದಾರೆ. ಶಾಲು ಹೊದಿಸಿದರು, ಫೋಟೊ ತೆಗೆದರು. ಗಾಡಿಯಲ್ಲಿ ಕುಳಿತಾಗ ನಿಶ್ಮಿತಾ ಹನ್ನೆರಡನ್ನೂ ತಿರುವಿ ಹಾಕಿ, ‘ವಾರಿಜಾ ಆಂಟಿ ಕಿಧರ್ ಹೈ?’ ಎಂದು ಹುಡುಕಿದಳು. ಆ ಪುಸ್ತಕ ಬರಲಿಲ್ಲ ಎಂದೆ. ಏಕೆ ಎಂದು ವಾಶಿ ಬರುವವರೆಗೂ ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳಿಗೆ ಅರ್ಥವಾಗಲು ನನ್ನ ಚಿತ್ರಗಳೇನೂ ಬೇಕಾಗಲಿಲ್ಲ.

ನಿಮ್ಮ ಇಪ್ಪತ್ತನಾಲ್ಕು ಪುಟಗಳನ್ನು ಅಪೇಕ್ಷಾಗೆ ಕಳಿಸಿಬಿಟ್ಟೆ. ಹರಿಯುವುದಾದರೆ ಹರಿಯಲಿ, ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಲಿ. ಅವಳಿಂದ ಸುದ್ದಿ ಬಂದಿಲ್ಲ.

ಅಶ್ಮಿತಾ ಹೇಗಿದ್ದಾರೆ?

ನಿಮ್ಮ,
ಶ್ರೀಪ್ರಿಯಾ


ಠಾಕುರ್ಲಿ
12 ಮಾರ್ಚ್ 2026

ಪ್ರೀತಿಯ ಶ್ರೀಪ್ರಿಯಾ,

ಅಶ್ಮಿತಾ ನಿಂತಳು. ಯಾವ ಪಕ್ಷವೂ ಇಲ್ಲದೆ, ಗಂಡನನ್ನು ಕೇಳದೆ, ತಾನೇ ಹೋಗಿ ಫಾರ್ಮು ತುಂಬಿ ಬಂದಳು. ಪೋಸ್ಟರಿನಲ್ಲಿ ಅವಳೊಬ್ಬಳದೇ ಮುಖ. ಮೂರನೆಯ ದಿನ ನಾನೂ ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟೆ. ಬೇಡ ಎನ್ನಲಿಲ್ಲ. ಮನೆ ಮನೆಗೆ ಹೋದೆವು. ಕೆಲವರು ನನ್ನನ್ನು ನೋಡಿ ಬಾಗಿಲು ಹಾಕಿದರು. ನಾನು ಕೆಳಗೆ ನಿಲ್ಲುತ್ತೇನೆ, ನೀನು ಹೋಗಿ ಬಾ ಎಂದರೆ, ‘ಬನ್ನಿ ಮಾಮಿ’ ಎಂದು ಕೈಸನ್ನೆ ಮಾಡುತ್ತಿದ್ದಳು. ಆರುನೂರ ಹನ್ನೆರಡು ಮತ ಬಿತ್ತು, ಸೋತಳು. ಮಾರನೆಯ ದಿನ ಎಂದಿನಂತೆ ಎದ್ದು ಮಕ್ಕಳ ಡಬ್ಬಿ ಕಟ್ಟಿದಳು. ನನ್ನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ. ಸ್ಲೇಟಿನಲ್ಲಿ ತರಕಾರಿಯ ವಿಷಯ ಬರೆಯುತ್ತಾಳೆ, ಅಷ್ಟು.

ನಿನ್ನೆಯ ವಿಷಯ ಹೇಳಲು ಇದನ್ನು ಬರೆಯುತ್ತಿದ್ದೇನೆ.

ಮಧ್ಯಾಹ್ನ ಹೋಟೆಲಿನಲ್ಲಿದ್ದೆ. ಬುಧವಾರ ಮೊಸರವಲಕ್ಕಿಗೆ ಒಗ್ಗರಣೆ ಹಾಕಲು ನಾನೇ ಹೋಗುತ್ತೇನೆ. ಅಡುಗೆಮನೆಯಿಂದ ಹೊರಗೆ ನೋಡಿದರೆ ಬಾಲಪ್ಪ, ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತಿದ್ದಾನೆ. ಎದುರಿಗೆ ಚಹಾ. ಗಲ್ಲಾದಲ್ಲಿದ್ದ ಕೀರ್ತನ್ ಅವನನ್ನೇ ನೋಡುತ್ತಿದ್ದ. ನಾನು ಹತ್ತಿರ ಹೋದೆ. ಬಾಲಪ್ಪ ಚೀಲದಿಂದ ಒಂದು ಲಕೋಟೆ ತೆಗೆದ. ಆದೇಶ ಬಂದಿದೆ. ಎಂಟು ಪುಟ, ಮರಾಠಿಯಲ್ಲಿ. ಅವನಿಗೆ ಅದನ್ನು ಓದಲು ಬರುವುದಿಲ್ಲ. ಅಪೇಕ್ಷಾ ಫೋನಿನಲ್ಲಿ ಅರ್ಥ ಹೇಳಿದ್ದಳೆಂದು ಆಮೇಲೆ ತಿಳಿಯಿತು, ಆದರೂ ಅವನು ಅದನ್ನು ಹಿಡಿದುಕೊಂಡು ಕಲ್ಯಾಣದಿಂದ ನನ್ನ ಹತ್ತಿರ ಬಂದಿದ್ದ. ಓದಿ ಎಂದು ಕೈಸನ್ನೆ ಮಾಡಿದ.

ಮನೆ ಯಾವಾಗ ಸಿಗುತ್ತದೆಂದು ಅದರಲ್ಲಿ ಇಲ್ಲ. ಅದಕ್ಕೆ ಇನ್ನೆಷ್ಟು ವರ್ಷವೋ. ಹದಿನಾರೂ ಹೆಸರು ಪಟ್ಟಿಗೆ ಸೇರಿಸಬೇಕು ಎಂದಿದೆ. ಶಿಫಾರಸು ಪತ್ರ ನಿಜವಾದದ್ದು, ಅದನ್ನು ತಂದುಕೊಟ್ಟ ಬಾಲಪ್ಪನ ಮೇಲಿನ ಆರೋಪ ನಿರಾಧಾರ ಎಂದಿದೆ. ನಾನು ನಿಂತುಕೊಂಡೇ ಓದತೊಡಗಿದೆ. ನನ್ನ ದನಿ ಎಷ್ಟು ದೊಡ್ಡದಿತ್ತೆಂದು ನನಗೆ ತಿಳಿಯುವುದಿಲ್ಲವಲ್ಲ. ಮೇಜುಗಳಲ್ಲಿದ್ದವರೆಲ್ಲ ಈ ಕಡೆ ತಿರುಗಿದರು, ದೋಸೆ ಹೊಯ್ಯುವವನು ಹೊರಗೆ ಬಂದು ನಿಂತ. ಕೀರ್ತನ್ ಗಲ್ಲಾದಿಂದ ಎದ್ದು, ಮೆಲ್ಲಗೆ, ಮೆಲ್ಲಗೆ ಎಂದು ಕೈ ಮಾಡಿದ.

ನಾನು ನಿಲ್ಲಿಸಿ ಬಾಲಪ್ಪನನ್ನು ನೋಡಿದೆ. ಅವನು ಹೇಳಿದ್ದು ನನಗೆ ಕೇಳಿಸಲಿಲ್ಲ, ಆದರೆ ತುಟಿ ನೋಡಿದರೆ ತಿಳಿಯುತ್ತಿತ್ತು.

‘ಓದ್ರಿ ಅಕ್ಕಾರ. ಜೋರಾಗೇ ಓದ್ರಿ.’

ಎಂಟೂ ಪುಟ ಓದಿದೆ.

ನಿಮ್ಮ,
ವಾರಿಜಕ್ಕ